ಒಣ ಹಾಸಿಗೆ

ಅಂದು ಗಿರಣಿಯಿಂದ ಬರುವಷ್ಟರಲ್ಲಿ ನಮ್ಮ ಕೋಣೆಯ ಮುಂದೆ ಸಾಲುಮನೆಯವರೆಲ್ಲ ನಿಂತಿದ್ದರು. ಒಳಗಿನಿಂದ ಸುಟ್ಟ ಬಟ್ಟೆಯ ಕಮಟು. ಅಮ್ಮ ಒಲೆ ಹಚ್ಚಿ ಮರೆತಿದ್ದಳು. ಮಸಿಬಟ್ಟೆಗೆ ಬೆಂಕಿ ತಗುಲಿ, ಪಕ್ಕದ ಕೋಣೆಯಾಕೆ ಓಡಿ ಬಂದು ನೀರೆರಚಿದ್ದಳು. ಅಮ್ಮ ಮೂಲೆಯಲ್ಲಿ ಕೂತು ಕೈಬೆರಳು ಹಿಂಡಿಕೊಳ್ಳುತ್ತಿದ್ದಳು.

"ಇವತ್ತು ಮಸಿಬಟ್ಟೆ. ನಾಳೆ ಇಡೀ ಸಾಲೇ ಹೊತ್ಕೊಂಡ್ರೆ?" ಎಂದಳು ಪಕ್ಕದಾಕೆ. ಅದು ಬೈಗುಳವಲ್ಲ. ಅವಳ ಕೋಣೆಯಲ್ಲಿ ಮಲಗಿಸಿದ ಮಗುವಿತ್ತು.

ಮರುದಿನ ಬೆಂಕಿಯ ಸುದ್ದಿ ಕೇಳಿ ಗಿರಣಿಯ ಮೇಸ್ತ್ರಿ ನನ್ನನ್ನು ತನ್ನ ಗಾಜಿನ ಕೋಣೆಗೆ ಕರೆಸಿದ.

"ಯಾಕಮ್ಮ ಒದ್ದಾಡ್ತೀಯ? ಹಳೇ ಕೆಲಸಗಾರರಿಗೆ ಅಂತಾನೇ ಧಣಿಗಳು ಆರೈಕೆಮನೆ ಕಟ್ಸಿದ್ದಾರೆ. ನಿಮ್ಮಮ್ಮನ್ನ ಅಲ್ಲಿ ಬಿಡು. ಇಲ್ಲ ಅಂದ್ರೆ ಕೋಣೆ ಖಾಲಿ ಮಾಡು."

"ಬಿಟ್ರೆ ಕೋಣೆ ನನಗಿರುತ್ತಾ?"

"ಕೋಣೆ ಇರೋದು ಅವಳ ಹೆಸರಲ್ಲಿ. ಅವಳು ಹೋದ್ಮೇಲೆ ಗಿರಣಿಗೆ ವಾಪಸ್ಸು. ನಿನಗೆ ಹಾಸ್ಟೆಲಲ್ಲಿ ಒಂದು ಮಂಚ ಕೊಡಿಸ್ತೀನಿ ಬಿಡು."

ಬಿಟ್ಟರೂ ಕೋಣೆ ಅವರದೇ, ಬಿಡದಿದ್ದರೂ ಅವರದೇ. ಆದರೆ ಆಗ ನನ್ನ ತಲೆಯಲ್ಲಿ ಕೋಣೆ ಇರಲಿಲ್ಲ. ನಾನು ಇಲ್ಲಿ ಮಗ್ಗದ ಮುಂದೆ ನಿಂತಿರುವಾಗ ಅಲ್ಲಿ ಅಮ್ಮ ಬೆಂಕಿಯ ಮಧ್ಯೆ ಇದ್ದಾಳೆ ಅನ್ನುವ ಚಿತ್ರವೇ ಕಣ್ಣಿಗೆ ಕಟ್ಟಿತ್ತು. ಎಳೆ ಕಡಿದದ್ದು ಗೊತ್ತಾಗುತ್ತಿರಲಿಲ್ಲ.

ಅಮ್ಮನೂ ಅದೇ ಮಗ್ಗಗಳ ಮುಂದೆ ಮುದುಕಿಯಾದವಳು. ಅವಳ ಕಿವಿ ತಿಂದದ್ದೇ ಆ ಸದ್ದು. ಅಲ್ಲಿ ಪಕ್ಕದಲ್ಲಿ ನಿಂತು ಅರಚಿದರೂ ಕೇಳುವುದಿಲ್ಲ. ಅದಕ್ಕೇ ನೇಯುವವರೆಲ್ಲ ತುಟಿಯಲ್ಲೇ ಮಾತಾಡುತ್ತೇವೆ. ದನಿಯಿಲ್ಲ, ತುಟಿ ಮಾತ್ರ. ಆ ತುದಿಯ ಮಗ್ಗದವಳು ಮನೆಯಲ್ಲಿ ಗಂಡನ ಜೊತೆ ಜಗಳವಾಡಿದ್ದು ಈ ತುದಿಗೆ ಹಾಗೇ ತಲುಪುತ್ತದೆ. ಮೇಸ್ತ್ರಿಗೆ ಈ ಮಾತು ಬರುವುದಿಲ್ಲ. ಅವನ ಎದುರೇ ಅವನ ಹೊಟ್ಟೆಯನ್ನು ಆಡಿಕೊಂಡು ನಕ್ಕಿದ್ದೇವೆ.

ಆರೈಕೆಮನೆ ನೋಡಲು ಹೋಗುವ ಮೊದಲು ಅಲ್ಲಿ ಏನೇನು ನೋಡಬೇಕೆಂದು ದವಾಖಾನೆಯ ನರ್ಸಮ್ಮನನ್ನು ಕೇಳಿದೆ. "ಒಳಗೆ ಹೋದ ತಕ್ಷಣ ಮೂಸು. ಉಚ್ಚೆ ವಾಸನೆ ಬಂದ್ರೆ ವಾಪಸ್ ಬಾ. ಹಾಸಿಗೆ ಮುಟ್ಟಿ ನೋಡು. ಒದ್ದೆ ಇದ್ರೆ ಯಾರೂ ನೋಡ್ಕೊಳ್ತಿಲ್ಲ ಅಂತ ಅರ್ಥ," ಎಂದಳು.

ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋದೆ. ಭಾನುವಾರ ಮಾತ್ರ ಹೊರಗಿನವರನ್ನು ಒಳಗೆ ಬಿಡುತ್ತಾರಂತೆ. ಮೇಲ್ವಿಚಾರಕಿ ಬಾಗಿಲಲ್ಲೇ ಕಾದಿದ್ದಳು. ನಗುಮುಖ, ಇಸ್ತ್ರಿ ಮುರಿಯದ ಬಟ್ಟೆ.

"ಈಯಮ್ಮನ ಬಾಯಿ ಮಾತ್ರ ನಗ್ತಿದೆ, ಕಣ್ಣು ನಗ್ತಿಲ್ಲ ಕಣೇ!" ಎಂದಳು ಅಮ್ಮ, ಇಡೀ ಪಡಸಾಲೆಗೆ ಕೇಳುವ ಹಾಗೆ. ಕಿವಿ ಹೋದವಳಿಗೆ ತನ್ನ ದನಿಯ ಅಳತೆ ಗೊತ್ತಿಲ್ಲ. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು.

ಒಳಗೆ ಉದ್ದನೆಯ ಕೋಣೆ, ಎರಡೂ ಬದಿಗೆ ಮಂಚ. ಮೂಸಿದೆ. ಸಾಬೂನಿನ ವಾಸನೆ ಬಿಟ್ಟರೆ ಏನೂ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ಹಾಸಿಗೆಗಳ ಮೇಲೆ ಕೈಯಾಡಿಸಿದೆ. ಒಂದೂ ಒದ್ದೆಯಿಲ್ಲ. ಪ್ರತಿ ಮಂಚದ ಪಕ್ಕ ನೀರು ತುಂಬಿದ ಜಗ್ಗು, ಮೇಲೆ ಬೋರಲು ಹಾಕಿದ ಲೋಟ. ಮುದುಕ ಮುದುಕಿಯರು ತಣ್ಣಗೆ ಕೂತಿದ್ದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇರಲಿ, ಇಲ್ಲಿ ಬೆಂಕಿಯ ಭಯವಿಲ್ಲ ಅಂದುಕೊಂಡೆ.

ಕಿಟಕಿಯ ಪಕ್ಕದ ಮಂಚದಲ್ಲಿ ಕಂಡಿಕೆ ಅಜ್ಜಿ ಇದ್ದಳು. ಗಿರಣಿಯಲ್ಲಿ ಅಮ್ಮನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದವಳು. ಬಡಕಲಾಗಿ ಗುರುತೇ ಸಿಗದಂತಾಗಿದ್ದಳು.

"ಅಜ್ಜಿ, ಹೇಗಿದ್ದೀಯ? ಚೆನ್ನಾಗಿ ನೋಡ್ಕೋತಾರಾ?"

ಅವಳು ಮೇಲ್ವಿಚಾರಕಿಯ ಮುಖ ನೋಡಿದಳು. "ಏನೂ ಕೊರತೆ ಇಲ್ಲಮ್ಮ. ದೇವರಂಥೋರು," ಎಂದಳು.

ಮೇಲ್ವಿಚಾರಕಿ ಮುಂದಿನ ಮಂಚದ ಕಡೆ ತಿರುಗಿದಳು. ಅಮ್ಮ ಮಾತ್ರ ಅಲ್ಲೇ ನಿಂತಳು. ನಾನು ಹಿಂತಿರುಗಿ ನೋಡಿದರೆ ಅಜ್ಜಿಯ ತುಟಿ ಆಡುತ್ತಿತ್ತು. ಅಮ್ಮನ ತುಟಿಯೂ ಆಡುತ್ತಿತ್ತು.

"ಹಲ್ಲಿಲ್ಲ ನೋಡಿ ಪಾಪ, ವಯಸ್ಸಾದ್ಮೇಲೆ ಎಲ್ರೂ ಹೀಗೇ ಬಾಯಾಡಿಸ್ತಾ ಇರ್ತಾರೆ," ಎಂದು ಮೇಲ್ವಿಚಾರಕಿ ನಕ್ಕಳು.

ಅಜ್ಜಿ ಈಗ ನನ್ನತ್ತ ತಿರುಗಿದ್ದಳು. ಅವಳ ತುಟಿ ಹೇಳುತ್ತಿತ್ತು: "ಇವಳನ್ನ ಇಲ್ಲಿ ಬಿಡಬೇಡ. ನೀರು ಕೊಡಲ್ಲ. ಕುಡಿದ್ರೆ ಹಾಸಿಗೆ ಒದ್ದೆ ಮಾಡ್ತೀವಂತೆ. ಕೇಳಿದ್ರೆ ಕೈ ಕಟ್ಟಾಕ್ತಾರೆ. ಜಗ್ಗು ನಿಮಗೆ ತೋರ್ಸೋಕೆ."

ಒಣಗಿದ ಹಾಸಿಗೆ ಮುಟ್ಟಿ ನಾನು ಸಮಾಧಾನಪಟ್ಟಿದ್ದೆ. ಮುಟ್ಟಿ ನೋಡಬೇಕಿದ್ದುದು ಅವರ ನಾಲಿಗೆಯನ್ನು.

ಕೈ ತಾನಾಗಿಯೇ ಜಗ್ಗಿಗೆ ಹೋಯಿತು. ಲೋಟದೊಳಗೆ ಜೇಡ ಬಲೆ ನೇಯ್ದಿತ್ತು. ಒರೆಸಿ, ನೀರು ಬಗ್ಗಿಸಿ ಅಜ್ಜಿಯ ಬಾಯಿಗಿಟ್ಟೆ.

"ಈಗ ತಾನೇ ಕುಡಿದಿದ್ದಾಳೆ, ಬೇಡ!" ಎಂದಳು ಮೇಲ್ವಿಚಾರಕಿ.

ಅಜ್ಜಿ ಉಸಿರು ಬಿಡದೆ ಕುಡಿದಳು. ಎರಡೂ ಕೈಯಿಂದ ಲೋಟ ಹಿಡಿದಾಗ ಮಣಿಕಟ್ಟಿನ ಮೇಲೆ ಕಪ್ಪಗಿನ ಪಟ್ಟೆ ಕಂಡಿತು. ಆಗ ಎದುರಿನ ಮಂಚದ ಮುದುಕ ಕೈ ಚಾಚಿದ. ಆಮೇಲೆ ಅವನ ಪಕ್ಕದವಳು. ಅಲ್ಲಿಯವರೆಗೆ ತಣ್ಣಗೆ ಕೂತಿದ್ದವರೆಲ್ಲ ನನ್ನ ಕಡೆ ಕೈ ಚಾಚಿದರು. ಯಾರೂ ಬಾಯಿ ಬಿಡಲಿಲ್ಲ. ಅಷ್ಟು ಹೆದರಿಕೆ. ಅಮ್ಮನೂ ಒಂದು ಜಗ್ಗು ಎತ್ತಿಕೊಂಡಳು.

ಕಾವಲಿನವನು ಬಂದು ನಮ್ಮನ್ನು ಹೊರಗೆ ದಬ್ಬಿದ. ಬಾಗಿಲು ದಾಟುವಾಗ ಅಜ್ಜಿಯ ಕಡೆ ನೋಡಿದೆ. "ಇದಕ್ಕೆಲ್ಲ ಇವತ್ತು ನನಗೆ ಬೀಳುತ್ತೆ," ಎಂದಿತು ಅವಳ ತುಟಿ. ನೀರು ಕುಡಿಸಿದ ತಪ್ಪಿಗೆ ಅವಳನ್ನು ಏನು ಮಾಡುತ್ತಾರೋ ಎನ್ನುವುದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಬೆಳಿಗ್ಗೆ ಪಕ್ಕದಾಕೆಗೆ ಎಲ್ಲ ಹೇಳಿದೆ. ಅವಳು ನಮ್ಮ ಬೆಂಕಿಪೊಟ್ಟಣ ತೆಗೆದು ಮಡಿಲಿಗೆ ಹಾಕಿಕೊಂಡಳು. "ನಿಮ್ಮಮ್ಮ ನನ್ನ ಹತ್ರ ಇರ್ಲಿ. ನೀನು ಹೋಗು."

ಮಗ್ಗಗಳು ಶುರುವಾಗಿದ್ದವು. ಮೇಸ್ತ್ರಿ ಬಂದು ನನ್ನ ಕಿವಿಗೆ ಬಾಯಿಟ್ಟು ಅರಚಿದ. "ಅಲ್ಲಿ ಗಲಾಟೆ ಮಾಡಿದ್ಯಂತೆ! ಕೋಣೆ ಖಾಲಿ ಮಾಡು!"

ನಾನು ತಲೆಯಾಡಿಸಿದೆ. ಅವನ ಹೆಗಲ ಮೇಲಿಂದ ಎದುರಿನ ಮಗ್ಗದವಳಿಗೆ ಆರೈಕೆಮನೆಯಲ್ಲಿ ಕಂಡದ್ದನ್ನೆಲ್ಲ ತುಟಿಯಲ್ಲಿ ಹೇಳಿದೆ. ಅವಳು ಆಚೆಯವಳಿಗೆ ಹೇಳಿದಳು. ಮೇಸ್ತ್ರಿ ಇನ್ನೂ ಅರಚುತ್ತಲೇ ಇದ್ದ. ಒಬ್ಬಳ ತಂದೆ ಆ ಆರೈಕೆಮನೆಯಲ್ಲಿದ್ದ. ಅವನು ನೇಯ್ದವನಲ್ಲ, ತುಟಿಮಾತು ಬಾರದವನು. ಅವಳು ಮಗ್ಗ ನಿಲ್ಲಿಸಿ ಅಲ್ಲೇ ಕುಸಿದು ಕೂತಳು.

ಸಂಜೆ ಪಾಳಿ ಬಿಟ್ಟಾಗ ಯಾರೂ ಮನೆಯ ದಾರಿ ಹಿಡಿಯಲಿಲ್ಲ. ನೀರಿನ ಬಾಟಲಿ ತುಂಬಿಕೊಂಡು ಎಲ್ಲರೂ ಆರೈಕೆಮನೆಯ ಗೇಟಿಗೆ ಬಂದೆವು. ಅಮ್ಮನನ್ನು ಪಕ್ಕದಾಕೆ ಕೈಹಿಡಿದು ಕರೆತಂದಿದ್ದಳು. ಮೇಲ್ವಿಚಾರಕಿ ಗೇಟಿನ ಒಳಗೆ ನಿಂತಿದ್ದಳು. ಇವತ್ತು ನಗು ಇರಲಿಲ್ಲ.

"ಇವತ್ತು ಭಾನುವಾರ ಅಲ್ಲ. ಎಲ್ಲರೂ ಉಂಡು ಮಲಗಿದ್ದಾರೆ. ನಾಳೆ ಯಾರಿಗೂ ಕೆಲಸ ಇರಲ್ಲ ನೋಡ್ಕೊಳ್ಳಿ," ಎಂದಳು.

ಜನ ಒಂದು ಕ್ಷಣ ಹಿಂಜರಿದರು. ಕೆಲಸ ಹೋದರೆ ಅಮ್ಮನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಅಮ್ಮ ನನ್ನ ಭುಜ ತಟ್ಟಿದಳು. ಅವಳ ಕಣ್ಣು ಅಂಗಳದಾಚೆಯ ಕಿಟಕಿಯ ಮೇಲಿತ್ತು. ಒಳಗೆ ದೀಪ ಉರಿಯುತ್ತಿತ್ತು. ಗಾಜಿನ ಹಿಂದೆ ದಿಂಬಿನ ಮೇಲೆ ಕಂಡಿಕೆ ಅಜ್ಜಿಯ ಮುಖ. ಕೈ ಎತ್ತಲಿಲ್ಲ, ಎತ್ತಲು ಆಗುತ್ತಿರಲಿಲ್ಲವೇನೋ. ತುಟಿ ಮಾತ್ರ ಆಡುತ್ತಿತ್ತು.

"ನೋಡಿ, ಹಾಯಾಗಿ ಬಾಯಾಡಿಸ್ತಾ ಮಲಗಿದ್ದಾಳೆ," ಎಂದಳು ಮೇಲ್ವಿಚಾರಕಿ.

"ಕಟ್ಟಿದ್ದಾರೆ. ಬಿಚ್ಚಿ," ಎನ್ನುತ್ತಿದ್ದಳು ಅಜ್ಜಿ.

ಗೇಟಿನ ಹೊರಗೆ ನಿಂತಿದ್ದವರೆಲ್ಲ ಅದನ್ನು ಓದಿದರು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮೊದಲು ಗೇಟಿಗೆ ಕೈ ಹಾಕಿದ್ದು ಅಮ್ಮ.