ಇಳಿಜಾರಿನಲ್ಲಿ ನಿಂತ ಗಾಡಿ

ಸುರಪುರದಲ್ಲಿ ಗುಡ್ಡದಿಂದ ಇಳಿದು ಬರುವ ರಸ್ತೆಯ ಬದಿಗೇ ಮಸ್ತಾನಸಾಬರ ಗ್ಯಾರೇಜು. ರಿಪೇರಿಗೆ ಬಂದ ಗಾಡಿಗಳನ್ನೆಲ್ಲ ಅವರು ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸುತ್ತಿದ್ದರು. ಸೆಲ್ಫ್ ಸ್ಟಾರ್ಟರ್ ಕೈಕೊಟ್ಟರೂ ಬ್ರೇಕು ಬಿಟ್ಟರೆ ಸಾಕು, ಉರುಳುತ್ತಲೇ ಚಾಲೂ ಆಗುತ್ತದೆ. ತಂದೆ ಕಲಿಸಿದ ರೂಢಿ ಅದು. ಮೂವತ್ತು ವರ್ಷ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಆ ವಾರ ಪೈಪು ಹಾಕಲು ರಸ್ತೆ ಅಗೆದಿದ್ದರು. ಹಾಗಾಗಿ ಹುಣಸಗಿ ಕಡೆಯ ಹಳ್ಳಿಯಿಂದ ಟ್ರ್ಯಾಕ್ಟರು ಎಳೆದು ತಂದ ಬಿಳಿ ಕ್ರೂಸರ್ ಜೀಪನ್ನು ಎದುರಿನ ಬಯಲಲ್ಲಿ, ಮೂತಿ ಮೇಲಾಗಿ ನಿಲ್ಲಿಸಬೇಕಾಯಿತು.

ಗಾಡಿಯ ಮಾಲಕ ಹಣಮಂತ್ರಾಯ ಬೆಳಿಗ್ಗೆಯೇ ಬಂದಿದ್ದ. "ಹೊಸ ಡ್ರೈವರಗೂ ಚಾಲೂ ಆಗವಲ್ದು ಉಸ್ತಾದ. ಆ ಕುಡುಕ ಮರಿಲಿಂಗ ಏನ್ ಕೆಡಿಸಿ ಹೋಗ್ಯಾನೋ ನೋಡ್ರಿ."

ಮರಿಲಿಂಗನ ಹೆಸರು ಕೇಳಿ ಮಸ್ತಾನಸಾಬರು ತಲೆ ತಗ್ಗಿಸಿ ಬಾನೆಟ್ ಎತ್ತಿದರು.

ಎರಡು ತಿಂಗಳ ಹಿಂದೆ ಈ ಗಾಡಿಯ ಡೀಸೆಲ್ ಪಂಪು ರಿಪೇರಿ ಮಾಡಿದವರು ಅವರೇ. ಆಮೇಲೆ ಡ್ರೈವರ್ ಮರಿಲಿಂಗ ಎರಡು ಸಲ ಬಂದಿದ್ದ. "ಉಸ್ತಾದ್, ಮುಂಜಾನಿ ಚಾಲೂ ಆಗಾಕ ಭಾಳ ಹೊತ್ತು ತಗೋತದ್ರಿ" ಎಂದಿದ್ದ. ಎರಡೂ ಸಲ ರಾತ್ರಿ ಗಾಡಿ ಇಲ್ಲೇ ಇಟ್ಟುಕೊಂಡು, ಬೆಳಿಗ್ಗೆ ಕೀಲಿ ತಿರುವಿದರೆ ಅರ್ಧ ಸುತ್ತಿಗೇ ಚಾಲೂ! "ಗಾಡಿ ಮುಂಜಾನಿ ಏಳ್ತದಪಾ, ನೀ ಏಳ್ತಿಯೋ ಇಲ್ಲೋ?" ಎಂದು ಮಸ್ತಾನಸಾಬರು ನಾಲ್ಕು ಜನರೆದುರು ನಗಾಡಿದ್ದರು. ಮರಿಲಿಂಗ ಕುಡಿಯುತ್ತಿದ್ದ ಕಾಲ ಎಲ್ಲರಿಗೂ ನೆನಪಿತ್ತು. ಅವನು ಬಿಟ್ಟು ಎರಡು ವರ್ಷವಾದದ್ದು ಯಾರಿಗೂ ನೆನಪಿರಲಿಲ್ಲ. ಅವನೂ ಪೆಚ್ಚಾಗಿ ನಕ್ಕು, ಬಾನೆಟ್ಟಿನೊಳಗೆ ಇವರೇ ಮರೆತುಬಿಟ್ಟಿದ್ದ ಬೋಲ್ಟು ಬಿಚ್ಚುವ ಪಾನಾ ಒಂದನ್ನು ಒರೆಸಿ ಕೈಗಿಟ್ಟು ಹೋಗಿದ್ದ.

ಹೋದ ತಿಂಗಳು ಮರಿಲಿಂಗನ ಊರಿನ ಸಾಯಬಮ್ಮನ ಸೊಸೆ ಜ್ಯೋತಿಗೆ ನಸುಕಿನಲ್ಲಿ ಹೆರಿಗೆ ಬೇನೆ ಎದ್ದಿತು. ಆ್ಯಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಕ್ರೂಸರ್ ಚಾಲೂ ಆಗಲು ಮುಕ್ಕಾಲು ತಾಸು ಹಿಡಿಯಿತು. ಜ್ಯೋತಿ ಉಳಿದಳು, ಕೂಸು ಉಳಿಯಲಿಲ್ಲ. ಮರಿಲಿಂಗ ಕುಡಿದಿದ್ದ ಎಂದು ಊರೇ ಹೇಳಿತು. ಹಣಮಂತ್ರಾಯ ಕೀಲಿ ಕಸಿದುಕೊಂಡ.

ಮಸ್ತಾನಸಾಬರು ಕೀಲಿ ತಿರುವಿದರು. ಸೆಲ್ಫ್ ಜೋರಾಗಿ ತಿರುಗಿತು, ಬ್ಯಾಟರಿ ಚೆನ್ನಾಗಿತ್ತು. ಆದರೆ ಸೈಲೆನ್ಸರಿನಿಂದ ಹೊಗೆಯ ಎಳೆಯೂ ಇಲ್ಲ. ಹೊಗೆ ಇಲ್ಲವೆಂದರೆ ಎಂಜಿನ್ನಿಗೆ ಡೀಸೆಲ್ಲೇ ಮುಟ್ಟಿಲ್ಲ. ಫಿಲ್ಟರಿನ ಮೇಲಿನ ಕೈಪಂಪು ಒತ್ತಿದರೆ ಮೆತ್ತಗೆ ಕುಸಿಯಿತು. ಇಪ್ಪತ್ತು ಸಲ ಒತ್ತಿ ಕೀಲಿ ತಿರುವಿದ ಮೇಲೆ ಗಾಡಿ ಕೆಮ್ಮುತ್ತಾ ಎದ್ದಿತು. ಅದನ್ನು ನಿಲ್ಲಿಸಿ, ರಬ್ಬರ್ ಪೈಪಿನ ಜಾಗದಲ್ಲಿ ಪಾರದರ್ಶಕ ಪೈಪು ಜೋಡಿಸಿ ಮತ್ತೆ ಚಾಲೂ ಮಾಡಿದರು. ಡೀಸೆಲ್ಲಿನ ಜೊತೆ ಸಣ್ಣ ಸಣ್ಣ ಗುಳ್ಳೆಗಳು ಓಡಿಬಂದವು.

ಹವಾ ಹಿಡಿದಿತ್ತು.

ಗುಳ್ಳೆಯ ಜಾಡು ಹಿಡಿದು ಹೋದರೆ ಫಿಲ್ಟರಿನ ಬೋಲ್ಟು. ಬಿಚ್ಚಿದಾಗ ಅಂಗೈಗೆ ಬಿದ್ದದ್ದು ಒಂದು ತಾಮ್ರದ ವಾಷರು, ಹಳೆಯದು, ಅಂಚು ಸವೆದದ್ದು. ಅದನ್ನು ತಿರುಗಿ ಹಾಕಿದ್ದು ಅವರ ಕೈಯೇ. ಹೊಸ ವಾಷರಿನ ಡಬ್ಬಿ ಮೇಲಿನ ಹಲಗೆಯ ಮೇಲಿತ್ತು. ಊಟದ ಹೊತ್ತು, 'ನಡೀತದ ಬಿಡು' ಎಂದುಕೊಂಡಿದ್ದರು.

ಅವರು ಇಳಿಜಾರಿನ ಕಡೆ ನೋಡಿದರು. ಅಲ್ಲಿ ಮೂತಿ ಕೆಳಗಾಗಿ ನಿಂತ ಗಾಡಿಗೆ ಹಿಂದಿನ ಡೀಸೆಲ್ ಟಾಕಿ ಎತ್ತರವಾಗುತ್ತದೆ. ಡೀಸೆಲ್ ತಾನೇ ಇಳಿದು ಬರುತ್ತದೆ, ದೋಷ ಕಾಣುವುದೇ ಇಲ್ಲ. ಮರಿಲಿಂಗನ ಮನೆ ಮುಂದಿನ ಮಟ್ಟಸ ನೆಲದಲ್ಲಿ ರಾತ್ರಿಯಿಡೀ ನಿಂತರೆ ಡೀಸೆಲ್ಲೆಲ್ಲ ಟಾಕಿಗೆ ಮರಳಿ, ಪೈಪಿನ ತುಂಬ ಬರೀ ಗಾಳಿ. ಎರಡು ಸಲವೂ ಅವನು ನಿಜವನ್ನೇ ಹೇಳಿದ್ದ.

"ತಪ್ಪು ನಂದ ಅದ ಮಾಲಕ್ರ" ಎಂದರು.

ವಿಷಯ ಕೇಳಿದ ಹಣಮಂತ್ರಾಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಿಡ್ರಿ ಉಸ್ತಾದ. ಹೊಸದ್ ಹಾಕಿ ಮುಗಸ್ರಿ. ಹೋದ ಕೂಸು ಬರ್ತದೇನು? ಈಗ ಹೇಳಿದ್ರ ನಾಳಿ ನಿಮ್ಮ ಬಾಗಲಿಗಿ ಯಾವ ಗಾಡಿ ಬಂದೀತು? ಹ್ಯಾಂಗೂ ಮಂದಿ ಮರ್ತಾರ."

ಆ ಮಾತಿನಲ್ಲಿ ಕಾಳಜಿಯೂ ಇತ್ತು, ಅದೇ ಮಸ್ತಾನಸಾಬರಿಗೆ ಕಷ್ಟವಾಯಿತು. ಮಧ್ಯಾಹ್ನ ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ. ಹೆಂಡತಿ ಅಖ್ತರಬೇಗಂ ಎಲ್ಲವನ್ನೂ ಕೇಳಿಸಿಕೊಂಡಳು. ಒಗೆದ ಅಂಗಿಯೊಂದನ್ನು ತಂದು ಅವರ ಪಕ್ಕದಲ್ಲಿ ಇಟ್ಟಳು.

ಸಂಜೆಯ ಬಸ್ಸಿಗೆ ಅವರು ಆ ಹಳ್ಳಿಗೆ ಹೋದರು. ಸಾಯಬಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಜ್ಯೋತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಸ್ತಾನಸಾಬರು ನಿಂತೇ ಎಲ್ಲ ಹೇಳಿ ವಾಷರನ್ನು ಕಟ್ಟೆಯ ಮೇಲಿಟ್ಟರು.

ಸಾಯಬಮ್ಮ ಅದನ್ನು ಬೆರಳಿನಿಂದ ಮುಟ್ಟಿದಳು. "ಇಷ್ಟ ಸಣ್ಣದ?"

"ಹೌದಬೇ."

ಅವಳು ಬಯ್ಯಲೆಂದು ಅವರು ಕಾದರು. ಅವಳು ಮೊರ ಬದಿಗಿಟ್ಟಳು.

"ಅವತ್ತ ಅಂವಾ ಅಳಕೋತ ಕೀಲಿ ತಿರುವಾಕತ್ತಿದ್ದ ಸಾಹೇಬ್ರ. ನಾ ಅವನ ಬಾಯಿ ಮೂಸಿ ನೋಡೀನಿ. ವಾಸನಿ ಇರಲಿಲ್ಲ. ಮಂದಿ ಕುಡದಾನ ಅಂದಾಗ ಗೊತ್ತಿದ್ದೂ ಸುಮ್ಮಕಾದೆ. ಯಾರ ಮ್ಯಾಲರ ಸಿಟ್ಟು ಬೇಕಿತ್ತು ನನಗ."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಡ್ರಿ, ಅವನ ಮನಿ ತೋರಸ್ತೀನಿ."

ಮರಿಲಿಂಗ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದ. ಇನ್ನೂ ಬೆಳಕಿತ್ತು. ಹತ್ತಿರ ಹೋದಾಗಲೇ ಇಬ್ಬರಿಗೂ ತಿಳಿಯಿತು: ಈಗ ಮಾತ್ರ ಅವನ ಬಾಯಿಂದ ವಾಸನೆ ಬರುತ್ತಿತ್ತು.

ಸಾಯಬಮ್ಮ ಹಿಂದೆ ಸರಿಯಲಿಲ್ಲ. ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮಸ್ತಾನಸಾಬರೂ ಕೂತು, ತಗ್ಗಿದ ದನಿಯಲ್ಲಿ ಮತ್ತೊಮ್ಮೆ ಎಲ್ಲ ಹೇಳಿದರು. ಮರಿಲಿಂಗ ಕೇಳಿಸಿಕೊಂಡ. "ನಾ ಹೇಳಿದ್ನಲ್ರಿ ಉಸ್ತಾದ್" ಎಂದಷ್ಟೇ ಅಂದು ಮೊಣಕಾಲಿನ ನಡುವೆ ಮುಖ ಹುದುಗಿಸಿದ.

"ಹೇಳಿದ್ದಿ. ನಾ ಕೇಳಲಿಲ್ಲಪಾ. ಹಣಮಂತ್ರಾಯ ಮಾಲಕ್ರ ಕೂಡ ನಾ ಮಾತಾಡ್ತೀನಿ. ನಾಳಿ ಮುಂಜಾನಿ ಬಾ, ಗಾಡಿ ಬಯಲಾಗ ಮೂತಿ ಮ್ಯಾಲ ಮಾಡೇ ಇಟ್ಟಿರ್ತೀನಿ. ಎಲ್ಲಾರ ಮುಂದ ನೀನ ಕೀಲಿ ತಿರುವು."

ಮರಿಲಿಂಗ ತನ್ನ ಕೈ ಮುಂದೆ ಚಾಚಿ ತೋರಿಸಿದ. "ನಡಗ್ತಾವ್ರಿ ಇವು. ನಾಳಿಗಿ ಆಗಂಗಿಲ್ಲ."

"ಹಂಗಾರ ನಾಡದ ಬಾ. ಇಲ್ಲ ಮುಂದಿನ ವಾರ. ಅಲ್ಲಿತನಕ ಆ ಕೀಲಿ ನನ್ನ ಕಡೆ ಇರ್ತದ."

ಸಾಯಬಮ್ಮ ಎದ್ದು ಅವನ ಮನೆಯೊಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಅವನ ನಡುಗುವ ಕೈಗಳ ಮೇಲೆ ತನ್ನ ಎರಡೂ ಕೈಯಿಟ್ಟು, ಅವನು ಕುಡಿದು ಮುಗಿಸುವವರೆಗೆ ಆ ತಂಬಿಗೆಯನ್ನು ಹಿಡಿದುಕೊಂಡೇ ಇದ್ದಳು.