ಅಮ್ಮನ ಹೆಸರಿಲ್ಲದ ಕಡತಗಳು

ಅಪ್ಪ ಪುರಸಭೆಯ ಮುಖ್ಯಾಧಿಕಾರಿಯಾಗಿದ್ದವರು. ಊರವರು ಇಟ್ಟ ಹೆಸರು ಅರ್ಜಿ ಸಾಹೇಬರು. ಬರೆದುಕೊಡದಿದ್ದರೆ ಅವರ ಕಚೇರಿಯಲ್ಲಿ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮನೆಯಲ್ಲೂ ಅದೇ ಕಾನೂನು. ಏನೇ ಬೇಕಿದ್ದರೂ ಅರ್ಜಿ, ಅದಕ್ಕೊಂದು ನಂಬರು, ಒಂದು ಕಡತ, ಕೆಂಪು ದಾರ.

ಕಳೆದ ವರ್ಷ ನೀರಿನ ಪೈಪು ಒಡೆದದ್ದಕ್ಕೆ ಅರ್ಜಿ ಕೊಡಲು ತಮ್ಮ ಹಳೆಯ ಕಚೇರಿಗೇ ಹೋದವರು ಸರತಿ ಸಾಲಿನಲ್ಲಿ ಕುಸಿದು ತೀರಿಕೊಂಡರು. ಈಗ ಹಳೆಯ ಅಧಿಕಾರಿಗಳ ಕಾಗದಪತ್ರಗಳನ್ನು ಕಾಪಿಡುವ ಪತ್ರಾಗಾರದವರು ಅಪ್ಪನ ಕಟ್ಟುಗಳನ್ನು ಕೇಳಿದ್ದರು. ಒಯ್ಯಲು ಬಂದ ಅಧಿಕಾರಿಣಿ ನಡುಮನೆಯ ನೆಲದಲ್ಲಿ ಕುಳಿತು ಪಟ್ಟಿ ಮಾಡುತ್ತಿದ್ದರು. ನಾನು ಒಂದೊಂದೇ ಕಟ್ಟು ಬಿಚ್ಚಿ ಕೊಡುತ್ತಿದ್ದೆ. ಧೂಳಿಗೆ ಇಬ್ಬರಿಗೂ ಸೀನು.

"ನಂದೇನಾದ್ರೂ ಇದೆಯಾ?" ಅಂದಳು ಅಮ್ಮ ಬಾಗಿಲಲ್ಲಿ ನಿಂತು.

"ಇನ್ನೂ ಸಿಕ್ಕಿಲ್ಲಮ್ಮ."

"ಇರಲ್ಲ ಬಿಡು. ನಾನೇನು ಅರ್ಜಿ ಬರೆದವಳಾ?"

ಅವಳು ಹೀಗೆ ಬಂದು ಕೇಳಿದ್ದು ಇದು ನಾಲ್ಕನೆಯ ಸಲ. ಕಟ್ಟಿಕೊಂಡ ಗಂಡನಿಗೆ ಅರ್ಜಿ ಬರೆಯುವುದಿಲ್ಲ ಎಂದು ಮದುವೆಯಾದ ವಾರದಲ್ಲೇ ಹೇಳಿದ್ದವಳು ಅವಳು, ನಲವತ್ತು ವರ್ಷ ಆ ಹಟ ಬಿಟ್ಟಿರಲಿಲ್ಲ. ಆದರೂ ಅಪ್ಪನ ಕಾಗದಗಳಲ್ಲಿ ತನ್ನ ಹೆಸರು ಒಂದು ಕಡೆಯಾದರೂ ಇರಲಿ ಎಂಬ ಆಸೆ ಅವಳಿಗಿತ್ತು. ಅದನ್ನು ಬಾಯಿಬಿಟ್ಟು ಹೇಳುವವಳಲ್ಲ. ಇಲ್ಲದಿದ್ದರೆ ಏನು ಹೇಳುವುದು ಎಂಬ ಚಿಂತೆ ನನಗೆ.

ಉಳಿದವರದ್ದೆಲ್ಲ ಇತ್ತು. ಒಂಬತ್ತನೇ ವಯಸ್ಸಿನಲ್ಲಿ ನಾನು ಸೈಕಲ್ಲಿಗೆ ಕೊಟ್ಟ ಅರ್ಜಿ, ಅದರ ಹಿಂದೆ ಮೂರು ನೆನಪೋಲೆ. ಮದುವೆಗೆ ಅನುಮತಿ ಕೋರಿ ಅಣ್ಣ ಕೊಟ್ಟದ್ದು 'ಹುಡುಗಿಯ ಒಪ್ಪಿಗೆ ಪತ್ರ ಲಗತ್ತಿಸಿಲ್ಲ' ಎಂದು ವಾಪಸ್ಸಾಗಿತ್ತು. ವಾರಕ್ಕೆಂದು ಬಂದ ಸೋದರಮಾವನ ಏಳು 'ವಾಸ್ತವ್ಯ ವಿಸ್ತರಣೆ' ಅರ್ಜಿಗಳಿದ್ದವು, ಏಳಕ್ಕೂ ಮಂಜೂರಾತಿ. ಪಕ್ಕದ ಮನೆಯವರ ನಾಯಿಗೂ ಒಂದು ಕಡತವಿತ್ತು. ಅಮ್ಮನಿಗೆ ಮಾತ್ರ ಇರಲಿಲ್ಲ.

ಕೊನೆಯದಾದ ಹನ್ನೊಂದನೆಯ ಕಟ್ಟೂ ಮುಗಿಯಿತು. ಅಪ್ಪನ ಮೇಲೆ ನನಗೆ ಮೈಯೆಲ್ಲ ಉರಿಯಿತು. ನಾಯಿಗಿಂತ ಕಡೆಯಾದಳೇ ನನ್ನ ತಾಯಿ?

"ಅಮ್ಮಾವ್ರು ಬರೆದು ಕೊಡ್ತಿರ್ಲಿಲ್ಲ ಅಂದ್ರಲ್ಲ," ಅಂದರು ಅಧಿಕಾರಿಣಿ. "ಬಾಯಲ್ಲೇ ಹೇಳ್ತಿದ್ರಾ?"

"ಹೇಳೋದಾ? ಬೀದಿಗೆಲ್ಲ ಕೇಳೋದು," ಅಂದೆ.

"ಹಾಗಾದ್ರೆ ಕಡತದಲ್ಲಿ ಹುಡುಕಬಾರ್ದು. ಬರೆದುಕೊಡದವರ ದೂರನ್ನ ಅಧಿಕಾರಿನೇ ಒಂದು ವಹಿಯಲ್ಲಿ ಬರ್ಕೋಬೇಕು, ಅವರು ಹೇಳಿದ ಹಾಗೇ. ನಿಯಮ ಅದು. ನಿಮ್ಮ ತಂದೆ ನಿಯಮ ಬಿಡೋರಾ?"

ಕಡತಗಳಿದ್ದ ಕಪಾಟಿನ ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗೆ ಕೈ ಹಾಕಿ ಅವರು ಉದ್ದನೆಯ ಪುಸ್ತಕವೊಂದನ್ನು ಎಳೆದರು. ಹೊರಗೆ ಅಪ್ಪನ ದುಂಡಕ್ಷರ: ಮೌಖಿಕ ದೂರುಗಳ ವಹಿ, ಗೃಹ. ಒಳಗೆ ಪುಟ ಪುಟವೂ ಅಮ್ಮನೇ. ನಾನು ಗಟ್ಟಿಯಾಗಿ ಓದಿದೆ.

'ದೂರು: ಅಡುಗೆಮನೆಯ ಕಿಟಕಿ ಮುಚ್ಚುವುದಿಲ್ಲ, ನನ್ನ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ. ಕ್ರಮ: ಕಿಟಕಿ ಸರಿಪಡಿಸಿದೆ. ಎರಡನೇ ಅಂಶ ಪರಿಶೀಲನೆಯಲ್ಲಿದೆ.'

'ದೂರು: ನಿಮ್ಮಕ್ಕ ನನ್ನ ಅಡುಗೆಗೆ ಮೂಗು ಮುರಿದರು, ನೀವು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿರಿ. ಕ್ರಮ: ಅಕ್ಕನಿಗೆ ತಿಳಿವಳಿಕೆ ಪತ್ರ ಕಳಿಸಿದೆ.'

"ಓ, ಅದಕ್ಕಾ ಅವರು ಒಂದು ವರ್ಷ ಮಾತು ಬಿಟ್ಟಿದ್ದು," ಅಂದಳು ಅಮ್ಮ. ಅಷ್ಟರಲ್ಲಿ ಅವಳೂ ಬಂದು ನಮ್ಮ ಪಕ್ಕ ಕುಳಿತಾಗಿತ್ತು.

'ದೂರು: ಈ ಮನೆಯಲ್ಲಿ ನನ್ನನ್ನು ಕೇಳುವವರೇ ಇಲ್ಲ. ಕ್ರಮ: ಕೇಳಲಾಯಿತು. ಈಗ ಕೇಳಿ ಏನು ಪ್ರಯೋಜನ ಎಂದರು.'

ಅಧಿಕಾರಿಣಿ ಬಾಯಿಗೆ ಕೈ ಅಡ್ಡ ಹಿಡಿದರು. ಅಮ್ಮ ನಕ್ಕು ನಕ್ಕು ಕನ್ನಡಕ ತೆಗೆದಳು. ಒರೆಸಿದ್ದು ಮಾತ್ರ ಕಣ್ಣನ್ನು.

"ದೂರುದಾರರ ಸಹಿ ಅಂತ ಇದೆಯಲ್ಲ, ಅದೆಲ್ಲ ಖಾಲಿ," ಅಂದೆ.

"ಹೌದು. ರಾತ್ರಿ ಊಟ ಆದ್ಮೇಲೆ ಏನೋ ಓದಿ ಹೇಳ್ತೀನಿ, ಸಹಿ ಮಾಡು ಅಂತ ಬರೋರು. ಹೋಗ್ರಿ, ಕಚೇರಿ ಕೆಲಸ ನನಗ್ಯಾಕೆ ಅಂತಿದ್ದೆ." ಅಮ್ಮ ಒಂದೊಂದೇ ಪುಟ ಮಗುಚಿ ಆ ಖಾಲಿ ಜಾಗಗಳನ್ನು ನೋಡಿದಳು. "ಒಂದು ದಿನ ಕೂತು ಕೇಳಿಸ್ಕೋಬಹುದಿತ್ತು ನಾನು."

ಆಮೇಲೆ ಪುಸ್ತಕದ ಕೊನೆಯ ಬರಹದ ಕೆಳಗೆ ಬೆರಳಿಟ್ಟಳು.

"ಇಲ್ಲಿ ಬರ್ಕೋ. ಪೈಪಿನ ಅರ್ಜಿ ಕೊಟ್ಟು ಬೇಗ ಬರ್ತೀನಿ ಅಂತ ಹೋದ್ರು. ತಟ್ಟೆ ಹಾಕ್ಕೊಂಡು ಮೂರು ಗಂಟೆವರೆಗೂ ಕಾದೆ."

ಬರೆದೆ. ಅವಳು ಪೆನ್ನು ಕಿತ್ತುಕೊಂಡು, ಅಕ್ಷರ ಅಕ್ಷರ ಕೂಡಿಸಿ, ಸಹಿ ಮಾಡಿದಳು.

"ಕ್ರಮ ಅಂತ ಏನು ಬರೀಲಿ?" ಅಂದೆ.

"ನೀನು ಬರೀಬೇಡ. ಅದು ಅವರು ಬರೆಯೋ ಜಾಗ."