ಮಡಿಲಿನ ಪುಟ್ಟಿ

ಹುರಿದ ರಾಗಿ ಹೊಟ್ಟು ಆರಿತ್ತು. ಅಜ್ಜಿ ಅದನ್ನು ಬಿದಿರು ಪುಟ್ಟಿಯ ತಳಕ್ಕೆ ಹರಡಿದಳು. ನಾನು ಉಂಡೆ ಕೊಬ್ಬರಿಗಳನ್ನು ಬಟ್ಟೆಯಲ್ಲಿ ಒರೆಸಿ ಒಳಗಿಟ್ಟೆ. ಮಧುಶ್ರೀ ಅಕ್ಕ ಮೇಲೆ ಮತ್ತೆ ಹೊಟ್ಟು ಸುರಿದಳು. ಪಕ್ಕದ ಮನೆಯ ಸುಷ್ಮಿತಾ ನಾಳೆ ಗಂಡನ ಮನೆಗೆ ಹೊರಡುವವಳು. ಪುಟ್ಟಿ ಅವಳಿಗೆ.

ಅಕ್ಕ ನನ್ನ ದೊಡ್ಡಪ್ಪನ ಮಗಳು. ತಿಪಟೂರಿನಲ್ಲಿ ಬೆಳೆದವಳು, ನಮ್ಮೂರು ಶೆಟ್ಟಿಕೆರೆಗೆ ರಜೆಯಲ್ಲಷ್ಟೇ ಬರುತ್ತಿದ್ದಳು. ಈಗ ಬೆಂಗಳೂರಿನ ಒಂದು ತಿಂಡಿ ಕಂಪನಿಯಲ್ಲಿ ಪೇಟೆಂಟ್ ವಕೀಲೆ. ಕಂಪನಿಯವರು ಏನಾದರೂ ಹೊಸದು ಕಂಡುಹಿಡಿದರೆ, ಬೇರೆಯವರು ಅದನ್ನು ಮಾಡಿ ಮಾರದ ಹಾಗೆ ಸರ್ಕಾರದಿಂದ ಹಕ್ಕು ಕೊಡಿಸುವುದು ಅವಳ ಕೆಲಸ. ಆಹಾರ ವಿಜ್ಞಾನ ಓದಿ, ಕಾನೂನು ಓದಿ, ಅದರ ಮೇಲೆ ಇನ್ನೊಂದು ಪರೀಕ್ಷೆ ಪಾಸು ಮಾಡಿದ್ದಾಳೆ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಬಂದರೆ ಮೂಲೆಯಲ್ಲಿ ಕೂತು ಅವಳು ನೀರು ಕುಡಿಯುವುದನ್ನೂ ನೋಡುತ್ತೇನೆ. ಈ ಸಲ ಅವಳ ಗಮನ ಕೆಲಸದ ಮೇಲಿರಲಿಲ್ಲ. ಅರ್ಧ ಹೊಟ್ಟು ಪುಟ್ಟಿಯ ಹೊರಗೇ ಬಿತ್ತು.

"ಅಜ್ಜಿ, ಇದನ್ನ ಯಾರಿಗಾದ್ರೂ ಹೇಳಿದೀಯಾ?"

"ಯಾವ್ದನ್ನೇ?"

"ಹಿಂಗೆ ಹೊಟ್ಟಿನಲ್ಲಿಟ್ರೆ ಕೊಬ್ಬರಿ ಬೂಸ್ಟು ಹಿಡಿಯಲ್ಲ, ಕಮಟಾಗಲ್ಲ ಅಂತ."

"ಹೇಳಾದೇನು ಬಂತು. ಕೈಗೇ ಕೊಟ್ಟು ಕಳ್ಸಿವ್ನಿ."

ಅಕ್ಕ ಕೈ ಒರೆಸಿಕೊಂಡು ಎಲ್ಲ ಹೇಳಿದಳು. ಅವರ ಕಂಪನಿ ಕೊಬ್ಬರಿ ಪುಡಿಯ ಪಾಕೀಟಿನೊಳಗೆ ಹುರಿದ ರಾಗಿ ಹೊಟ್ಟಿನ ಸಣ್ಣ ಚೀಲ ಇಡುತ್ತದೆ. ಅಜ್ಜಿಯ ಅಟ್ಟದಲ್ಲಿ ಕಂಡದ್ದನ್ನು ವಿಜ್ಞಾನಿಗಳಿಗೆ ಹೇಳಿದ್ದು ಇವಳೇ. ಅವರು ಪರೀಕ್ಷೆ ಮಾಡಿ, ಕಂಡುಹಿಡಿದವರು ತಾವೇ ಎಂದು ಹೆಸರು ಹಾಕಿಕೊಂಡರು. ಇದು ಎಲ್ಲೂ ಬಳಕೆಯಲ್ಲಿಲ್ಲ ಎಂದು ಪೇಟೆಂಟ್ ಅರ್ಜಿ ಬರೆದವಳೂ ಇವಳೇ. ಈಗ ಇನ್ನೊಂದು ಕಂಪನಿ, ಇದು ಮೊದಲೇ ಜನರ ಬಳಕೆಯಲ್ಲಿತ್ತು ಎಂದು ತಕರಾರು ಹಾಕಿದೆ. ಅವರ ವಕೀಲ ಯೋಗೀಶ್ ಎಂಬವನು ಸಾಕ್ಷಿ ಹುಡುಕುತ್ತ ಈ ಕಡೆ ಊರೂರು ತಿರುಗುತ್ತಿದ್ದಾನೆ.

"ನೀನೊಬ್ಳೇ ಮಾಡ್ತಿದ್ದೆ, ಮನೆಯೊಳಗಿನ ವಿಷಯ ಅಂತ ನಂಬಿದ್ದೆ ಅಜ್ಜಿ."

ಅಜ್ಜಿ ನಕ್ಕಳು. "ಮಡಿಲು ತುಂಬಿದ್ಮೇಲೆ ಈ ಪುಟ್ಟಿ ಹೆಣ್ಣಿನ ಜೊತೇಲೇ ಹೋಗ್ತದೆ ಕಣೇ. ಕೆಂಕೆರೆಗೂ ಹೋಗೈತೆ, ತುರುವೇಕೆರೆಗೂ ಹೋಗೈತೆ. ಪುಟ್ಟಿ ಇಲ್ದೆ ಹೋದೋಳು ನೀನೊಬ್ಳೇ. ರಿಜಿಸ್ಟರ್ ಆಫೀಸ್ನಾಗೆ ರುಜು ಹಾಕಿ ಮದ್ವೆಯಾದೆ. ನಿನ್ ಮಡ್ಲು ತುಂಬಾಕೆ ನನ್ನ ಎಲ್ಲಿ ಬುಟ್ಟೆ?"

ಅಕ್ಕನೂ ನಗಲು ನೋಡಿದಳು, ಆಗಲಿಲ್ಲ. "ಇದು ನನ್ನಜ್ಜಿ ಮನೇಲೇ ಇತ್ತು ಅಂತ ಗೊತ್ತಾದ್ರೆ, ತಿಳಿದೂ ಸುಳ್ಳು ಬರೆದೆ ಅಂತಾರೆ. ಕೆಲಸ ಅಂತೂ ಹೋಗುತ್ತೆ, ವಕೀಲಿ ಸನ್ನದೂ ಉಳಿಯಲ್ಲ. ಅವನು ಬಂದ್ರೆ ನಮಗೇನೂ ಗೊತ್ತಿಲ್ಲ ಅಂದ್ಬಿಡು."

"ಅಂದ್ರೆ ನಾಳೆಯಿಂದ ನಾವು ಪುಟ್ಟಿ ಕಟ್ಟಂಗಿಲ್ವೇನು?"

"ಮನೆಗೆ ಕಟ್ಕೋಬಹುದು. ಹಕ್ಕು ಕಂಪನೀಗೆ ಸಿಕ್ರೆ ಮಾರೋಹಂಗಿಲ್ಲ."

"ಓಬಮ್ಮನ ಸಂಘದೋರು ಸಂತೇಲಿ ಮಾರ್ತಾರಲ್ಲ?"

ಅಕ್ಕ ನೆಲದ ಮೇಲಿನ ಹೊಟ್ಟನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು. ಊರಿನ ಆ ಮಹಿಳಾ ಸಂಘದಲ್ಲಿ ಪುಟ್ಟಿ ಕಟ್ಟುವವರಲ್ಲಿ ನಾನೂ ಒಬ್ಬಳು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನು ಅದನ್ನು ಹೇಳದೆ ಪುಟ್ಟಿಯ ಬಾಯಿಗೆ ಬಟ್ಟೆ ಕಟ್ಟತೊಡಗಿದೆ.

ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಬಾಗಿಲ ಮುಂದೆ ಕಾರು ನಿಂತಿತು. ಅಕ್ಕ ಕಿಟಕಿಯಲ್ಲಿ ಇಣುಕಿ, "ಅವನೇ" ಅಂದಳು. ಅವಳು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಬಂದವನು ಚಪ್ಪಲಿ ಬಿಟ್ಟು ಒಳಗೆ ಬಂದ. ನಮ್ಮ ಕಡೆಯ ಮಾತಿನಲ್ಲೇ ಅಜ್ಜಿಯನ್ನು ಕೇಳಿದ. "ಗುರುಸಿದ್ದಮ್ಮೋರ ಮನೆ ಇದೇ ಅಲ್ವ್ರಾ? ನಾನು ಯೋಗೀಶ್ ಅಂತ, ವಕೀಲ. ಕೊಬ್ಬರಿ ಕೆಡದಂಗೆ ಇಡೋದು ನಿಮ್ಮನ್ನ ಕೇಳ್ಬೇಕಂತೆ. ಕೆಂಕೆರೇಲಿ ನಿಮ್ಮ ಹೆಸ್ರೇ ಹೇಳಿದ್ರು."

ಬೇರೆ ದಿನವಾಗಿದ್ದರೆ ಅಜ್ಜಿ ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಕೊಟ್ಟ ಪುಟ್ಟಿಗಳ ಕಥೆಯನ್ನೆಲ್ಲ ಹೇಳುತ್ತಿದ್ದಳು. ಈಗ ಎಲೆ ಅಡಿಕೆಯ ಚೀಲ ತೆಗೆದು, ಬಿಚ್ಚಿ, ಮತ್ತೆ ಕಟ್ಟಿದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. ನಿಜ ಹೇಳಿದರೆ ಬಾಗಿಲ ಹಿಂದೆ ನಿಂತ ಮೊಮ್ಮಗಳು ಸಿಕ್ಕಿಬೀಳುತ್ತಾಳೆ.

ಅವನ ಕಣ್ಣು ಮನೆಯೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. ಪುಟ್ಟಿ ನನ್ನ ತೊಡೆಯ ಮೇಲಿತ್ತು, ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಬೆರಳಿಗೆಲ್ಲ ಹೊಟ್ಟು ಮೆತ್ತಿಕೊಂಡಿತ್ತು. ಅಜ್ಜಿ ನನ್ನನ್ನು ನೋಡಿದಳು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ.

ಅವನು ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಕೇಳಿದ.

"ಆ ಬಟ್ಟೆ ಒಸಿ ಬಿಚ್ಚಿ ತೋರ್ಸಮ್ಮ, ತಂಗಿ."